ಎಣ್ಣೆ ತಿಂಡಿ ಕಟ್ಟುವ ಕಾಗದಕ್ಕೆ ಪಿಎಫ್‌ಎಎಸ್ ಬಿಟ್ಟು ಬೇರೆ ಲೇಪ ಇದೆಯಾ?

ಇದೆ. ಆದರೆ ಒಂದೇ ಲೇಪ ಎಲ್ಲ ತಿಂಡಿಗೂ ಆಗುವುದಿಲ್ಲ.

ಬಿಸಿ ಮೆಣಸಿನಕಾಯಿ ಬಜ್ಜಿಯನ್ನು ಸಾದಾ ಬಿಳಿ ಹಾಳೆಯಲ್ಲಿ ಕಟ್ಟಿ ನೋಡಿ. ಸ್ವಲ್ಪ ಹೊತ್ತಿಗೇ ಹಾಳೆಯ ಆಚೆ ಹಿಡಿದ ಬೆರಳು ಕಾಣುತ್ತದೆ. ಕಾಗದ ಅಂದರೆ ನಾರಿನ ಜಾಲ. ಅದರ ಸಂದಿಗಳೇ ಎಣ್ಣೆ ಹೀರುವುದು. ಪಿಎಫ್‌ಎಎಸ್ ಎಂಬ ಫ್ಲೋರಿನ್ ರಾಸಾಯನಿಕಗಳು ಆ ನಾರಿನ ಮೇಲೆ ಕೂತು ಎಣ್ಣೆ, ನೀರು ಎರಡನ್ನೂ ದೂರ ಇಡುತ್ತವೆ. ಕೆಲಸದಲ್ಲಿ ಗಟ್ಟಿ, ಆದರೆ ಮಣ್ಣಿಗೆ ಸೇರಿದರೂ ಸುಲಭಕ್ಕೆ ಹಾಳಾಗುವುದಿಲ್ಲ. ಡೆನ್ಮಾರ್ಕ್ 2020ರಲ್ಲೇ ಆಹಾರದ ಕಾಗದದಲ್ಲಿ ಇವನ್ನು ನಿಷೇಧಿಸಿತು. ಅಮೆರಿಕದಲ್ಲಿ ಈ ಬಳಕೆಗೆ ಮಾರಾಟ ನಿಂತಿದೆ ಎಂದು ಅಲ್ಲಿನ ಆಹಾರ-ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2024ರ ಫೆಬ್ರವರಿಯಲ್ಲಿ ಪ್ರಕಟಿಸಿತು.

ಬದಲಿ ಲೇಪಗಳು ಸಂದಿಯನ್ನೇ ಮುಚ್ಚುತ್ತವೆ. ಪಿಷ್ಟ, ಕಡಲಪಾಚಿಯಿಂದ ಬರುವ ಆಲ್ಜಿನೇಟ್, ಸಿಗಡಿ ಸಿಪ್ಪೆಯ ಕೈಟೋಸಾನ್ ಇಂಥವು. ಇವಕ್ಕೆ ನೀರಿನ ಜೊತೆ ಸ್ನೇಹ ಜಾಸ್ತಿ, ಹಾಗಾಗಿ ಎಣ್ಣೆ ಒಳಗೆ ನುಗ್ಗಲ್ಲ. ತಲೆನೋವೂ ಅಲ್ಲೇ ಇದೆ! ಬಿಸಿ ತಿಂಡಿಯ ಹಬೆ ತಾಗಿದರೆ ಲೇಪ ಉಬ್ಬಿ ಮೆತ್ತಗಾಗುತ್ತದೆ. ಮಡಿಸಿದ ಗೆರೆಯಲ್ಲಿ ಬಿರುಕೂ ಬಿಡಬಹುದು. ಅದಕ್ಕೇ ಮೇಲೊಂದು ಪದರ ಮೇಣ ಕೊಡುತ್ತಾರೆ. ಜೇನುಮೇಣ ಸುಮಾರು 63 ಡಿಗ್ರಿಗೇ ಕರಗುತ್ತದೆ, ಒಂದು ಜಾತಿಯ ತಾಳೆ ಎಲೆಯಿಂದ ಬರುವ ಕಾರ್ನೌಬಾ ಮೇಣ 82ರ ಆಸುಪಾಸಿನವರೆಗೆ ತಡೆಯುತ್ತದೆ.

ನನ್ನ ಕೇಳಿದರೆ, ಬಜ್ಜಿ-ಬೋಂಡಕ್ಕೆ ಲೇಪವೇ ಬೇಕಿಲ್ಲ. ತಿರುಳನ್ನು ಚೆನ್ನಾಗಿ ಅರೆದು ಮಾಡಿದ ಗ್ರೀಸ್‌ಪ್ರೂಫ್ ಕಾಗದದಲ್ಲಿ ನಾರುಗಳು ಒತ್ತೊತ್ತಾಗಿ ಅಂಟಿರುತ್ತವೆ. ಮನೆ ಮುಟ್ಟುವವರೆಗೆ ಅಷ್ಟು ಸಾಕು, ಅಲ್ವಾ? ಸಾರು, ಗೊಜ್ಜಿಗೆ ಮಾತ್ರ ಇದು ಆಗುವುದಿಲ್ಲ.