ಹಳೆ ಮನೆಯ ಪವರ್ ಶವರ್ ಕೆಟ್ಟಿದೆ. ಅದರ ಜಾಗಕ್ಕೆ ಸಾದಾ ಶವರ್ ಹಾಕಿದರೆ ಸಾಕಾ?

ಮನೆಗೆ ನೀರು ತಾರಸಿಯ ಟ್ಯಾಂಕಿನಿಂದ ಬರುವುದಾದರೆ ಸಾಲದು. ಪವರ್ ಶವರ್ ಎಂದರೆ ಒಳಗೇ ಸಣ್ಣ ಪಂಪ್ ಇರುವ ಶವರ್. ನೀವು ಇಷ್ಟು ದಿನ ಅನುಭವಿಸಿದ ಜೋರು ಆ ಪಂಪಿನದ್ದು, ಟ್ಯಾಂಕಿನದ್ದಲ್ಲ.

ನೀರಿನ ಒತ್ತಡ ಎತ್ತರದಿಂದ ಬರುತ್ತದೆ. ಹತ್ತು ಮೀಟರ್ ಎತ್ತರಕ್ಕೆ ಸುಮಾರು 1 ಬಾರ್ (ಒತ್ತಡದ ಅಳತೆ). ಕಾಸರಗೋಡಿನ ಹಳೆ ಮನೆಗಳಲ್ಲಿ ಟ್ಯಾಂಕು ಶವರಿಗಿಂತ ಎರಡು-ಮೂರು ಮೀಟರ್ ಮೇಲಿದ್ದರೆ ಸಿಗುವುದು 0.2ರಿಂದ 0.3 ಬಾರ್ ಅಷ್ಟೇ. ಟ್ಯಾಂಕು ಎಷ್ಟು ದೊಡ್ಡದಿದ್ದರೂ ಇದು ಬದಲಾಗುವುದಿಲ್ಲ. ಸಾವಿರ ಲೀಟರಿನದ್ದು ತೆಗೆದು ಎರಡು ಸಾವಿರದ್ದು ಇಟ್ಟರೆ ಸುಮ್ನೆ ಖರ್ಚು.

ಹಾಗಾಗಿ ಹೊಸ ಪವರ್ ಶವರ್ ಹಾಕಿ, ಇಲ್ಲವೇ ಟ್ಯಾಂಕಿನ ಹೊರಹರಿವಿನಲ್ಲಿ ಒಂದು ಪ್ರೆಷರ್ ಪಂಪ್ ಕೂರಿಸಿ. ನನ್ನ ಆಯ್ಕೆ ಎರಡನೆಯದು. ಬಿಸಿ, ತಣ್ಣೀರು ಎರಡಕ್ಕೂ ಒಂದೇ ಒತ್ತಡ ಸಿಗುತ್ತದೆ, ರಿಪೇರಿಯೂ ಸುಲಭ. ಗೀಸರ್ ಎಷ್ಟು ಬಾರ್ ತಡೆಯುತ್ತದೆ ಎಂದು ಅದರ ಲೇಬಲ್ಲಿನಲ್ಲಿ ಮೊದಲು ನೋಡಿ.

ಆದರೆ ಪಂಪ್ ಕೊಳ್ಳುವ ಮುಂಚೆ ಪೈಪ್ ನೋಡಿಸಿ. ಹಳೆಯ ಜಿಐ ಪೈಪ್, ಅಂದರೆ ಸತು ಲೇಪಿಸಿದ ಕಬ್ಬಿಣದ ಪೈಪ್, ಒಳಗೆ ತುಕ್ಕು ಕಟ್ಟಿ ಕಿರಿದಾಗಿರುತ್ತದೆ. ನಮ್ಮ ಕಡೆ ಮುರಕಲ್ಲಿನ ನೆಲ ಅಲ್ವಾ, ಎಷ್ಟೋ ಬಾವಿಗಳ ನೀರಿನಲ್ಲಿ ಕಬ್ಬಿಣದ ಅಂಶವೂ ಜಾಸ್ತಿ. ಅಂಥ ಪೈಪಿಗೆ ಒತ್ತಡ ಕೊಟ್ಟರೆ ಗೋಡೆಯೊಳಗಿನ ಜಾಯಿಂಟ್ ಸೋರಬಹುದು. ಶವರಿನ ಲೈನನ್ನಾದರೂ ಸಿಪಿವಿಸಿಗೆ, ಅಂದರೆ ಬಿಸಿನೀರು ತಡೆಯುವ ಪ್ಲಾಸ್ಟಿಕ್ ಪೈಪಿಗೆ ಬದಲಿಸಿ.

ಸ್ನಾನದ ಕೋಣೆಯ ವಿದ್ಯುತ್ತಿಗೆ ಸರಿಯಾದ ಅರ್ಥಿಂಗ್ ಮತ್ತು 30 ಮಿಲಿಆಂಪಿಯರ್ ಆರ್‌ಸಿಸಿಬಿ, ಅಂದರೆ ಕರೆಂಟ್ ಸೋರಿದ ಕೂಡಲೇ ಅದನ್ನು ಕಡಿಯುವ ಸ್ವಿಚ್, ಬೇಕೇ ಬೇಕು. ಹಳೆ ವೈರಿಂಗ್‌ನಲ್ಲಿ ಇವು ಎಷ್ಟೋ ಸಲ ಇರುವುದೇ ಇಲ್ಲ.