ಮಿಕು ಹಾಡುಗಳನ್ನು ಎಲ್ಲಿಂದ ಶುರು ಮಾಡಬೇಕು? ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನಮ್ಮ ಕಾಲೇಜಿನ ಜಪಾನಿ ಭಾಷಾ ಸಂಘದಲ್ಲಿ ಮೂವತ್ತು ಜನ ಇದ್ದೇವೆ. ಶನಿವಾರ ಒಂದು ಗಂಟೆ ವೊಕಲಾಯ್ಡ್ ಹಾಡು, ಅಂದರೆ ಕಂಪ್ಯೂಟರ್ ದನಿಯಲ್ಲಿ ಹಾಡಿಸಿದ ಹಾಡು, ಕೇಳಿಸುವ ಯೋಚನೆ ಇದೆ. ಹತ್ಸುನೆ ಮಿಕುವಿನ ಚಿತ್ರ ಎಲ್ಲರೂ ನೋಡಿದ್ದಾರೆ, ಹಾಡು ಕೇಳಿದವರು ಕಡಿಮೆ. ಯಾವ ಹಾಡು, ಯಾವ ಕ್ರಮದಲ್ಲಿ ಹಾಕಬೇಕು?
– ಬಿ.ಎ. ವಿದ್ಯಾರ್ಥಿನಿ, ಮೈಸೂರು

ಉತ್ತರ: ಒಂದು ಗಂಟೆಗೆ ಏಳು ಹಾಡು ಸಾಕು. ಒಂದೊಂದಕ್ಕೆ ನಾಲ್ಕು ನಿಮಿಷ ಹಿಡಿದರೂ ಅರ್ಧ ಗಂಟೆ ಆಯಿತು, ಉಳಿದದ್ದು ಮಾತಿಗೆ ಬೇಕೇ ಬೇಕು. ‘ಇದನ್ನು ಹಾಡಿದ್ದು ಯಾರು’ ಎಂಬಲ್ಲೇ ಹೊಸಬರು ಸಿಕ್ಕಿಕೊಳ್ಳುತ್ತಾರೆ. ಮಿಕು ಎಂಬುದು ಸಪ್ಪೊರೊ ನಗರದ ಕ್ರಿಪ್ಟನ್ ಫ್ಯೂಚರ್ ಮೀಡಿಯಾ 2007ರ ಆಗಸ್ಟ್ 31ರಂದು ಬಿಡುಗಡೆ ಮಾಡಿದ, ಹಾಡುವ ಸಾಫ್ಟ್‌ವೇರ್. ಒಳಗಿನ ತಂತ್ರಜ್ಞಾನ ಯಮಾಹಾದ್ದು, ಮೂಲ ದನಿ ಕಂಠದಾನ ಕಲಾವಿದೆ ಸಾಕಿ ಫುಜಿತಾ ಅವರದ್ದು. ಅದಕ್ಕೆ ರಾಗ, ಸಾಹಿತ್ಯ ತುಂಬಿ ಹಾಡಿಸುವವರನ್ನು ಜಪಾನಿನಲ್ಲಿ ‘ವೊಕಾರೊ-ಪಿ’ ಎನ್ನುತ್ತಾರೆ. ‘ಪಿ’ ಎಂದರೆ ಪ್ರೊಡ್ಯೂಸರ್. ಹಾರ್ಮೋನಿಯಂ ಒಂದೇ, ನುಡಿಸುವ ಕೈ ಸಾವಿರ. ಆದ್ದರಿಂದ ‘ಮಿಕು ಹಾಡು’ ಎಂದು ಹುಡುಕುವುದನ್ನು ಬಿಟ್ಟು ಪಿ ಹೆಸರು ಹಿಡಿದು ಹೋಗಿ. ಪ್ರತಿ ಹಾಡಿನ ಮುಂಚೆ ಆ ಹೆಸರನ್ನು ಬೋರ್ಡಿನ ಮೇಲೆ ಬರೆಯಿರಿ.

ಮೊದಲು ಲೈವ್‌ಟ್ಯೂನ್‌ನ ‘ಟೆಲ್ ಯುವರ್ ವರ್ಲ್ಡ್’. ಗೂಗಲ್ ಕ್ರೋಮ್‌ನ ಜಪಾನಿ ಜಾಹೀರಾತಿಗೆ ಬಳಸಿದ ಹಾಡು. ಸುತ್ತಲಿನ ವಾದ್ಯವೂ ಎಲೆಕ್ಟ್ರಾನಿಕ್ ಆದ್ದರಿಂದ ಯಂತ್ರದ ದನಿ ಕಿವಿಗೆ ಅನ್ಯವೆನಿಸುವುದಿಲ್ಲ. ಎರಡನೆಯದು ರ್ಯೋ ಅವರ ‘ಮೆಲ್ಟ್’, 2007ರ ಡಿಸೆಂಬರಿನದು. ಮಿಕು ಬಂದು ನಾಲ್ಕು ತಿಂಗಳೂ ಆಗಿರಲಿಲ್ಲ. ಇದನ್ನು ಕೇಳಿದವರು ತಾವೇ ಹಾಡಿ ನಿಕೊನಿಕೊ ಎಂಬ ವಿಡಿಯೊ ತಾಣಕ್ಕೆ ಏರಿಸತೊಡಗಿದರು. ಹುಡುಕುವಾಗ ಎಚ್ಚರ: ‘ಮೆಲ್ಟ್‌ಡೌನ್’ ಬೇರೆಯೇ ಹಾಡು, ಕಾಗಾಮಿನೆ ರಿನ್ (ರಿನ್, ಮುಂದೆ ಬರುವ ಗುಮಿ, ಲುಕಾ, ತೆತೊ ಎಲ್ಲರೂ ಮಿಕುವಿನಂಥ ಸಾಫ್ಟ್‌ವೇರ್ ದನಿಗಳೇ) ದನಿಯದ್ದು, ಪರಮಾಣು ಕುಲುಮೆಗೆ ಹಾರುವ ಕಲ್ಪನೆಯದ್ದು. ಒಲವಿನ ಹಾಡು ಎಂದು ಹೇಳಿ ಅದನ್ನು ಹಾಕಿಬಿಟ್ಟರೆ ಸಭೆ ತಬ್ಬಿಬ್ಬಾಗುತ್ತದೆ.

ಮೂರನೆಯದು ಕುರೊಉಸಾ-ಪಿ ಅವರ ‘ಸೆನ್‌ಬೊನ್‌ಝಕುರಾ’ (2011). ಇಲ್ಲಿ ಹತ್ತು ನಿಮಿಷ ಕೊಡಿ. ಮೊದಲು ಮಿಕು ಹಾಡಿದ್ದನ್ನು ಪೂರ್ತಿ ಕೇಳಿಸಿ. ಆಮೇಲೆ ಶಮಿಸೆನ್, ಕೊತೊ ಎಂಬ ಜಪಾನಿ ತಂತಿವಾದ್ಯ ಹಿಡಿದ ವಗಕ್ಕಿ ಬ್ಯಾಂಡ್‌ನ ಪ್ರಸ್ತುತಿಯಿಂದ ಒಂದೇ ಒಂದು ನಿಮಿಷ. 2015ರ ವರ್ಷಾಂತ್ಯದ ಕೊಹಾಕು ಟಿವಿ ಕಾರ್ಯಕ್ರಮದಲ್ಲಿ ಹಿರಿಯ ಗಾಯಕಿ ಸಾಚಿಕೊ ಕೊಬಾಯಾಶಿ ಇದನ್ನೇ ಹಾಡಿದರು. ಅದೇ ರಾಗ ಮೂರು ಕಂಠದಲ್ಲಿ ನಿಂತಿತೆಂದರೆ ಹಾಡು ಕಟ್ಟಿದವರ ಶಕ್ತಿ ಎಂಥದ್ದೆಂದು ಹುಡುಗರಿಗೆ ತಾನಾಗಿ ತಿಳಿಯುತ್ತದೆ.

ನಾಲ್ಕನೆಯದು ಹಾಚಿ ಅವರ ‘ಮಾತ್ರ್ಯೊಶ್ಕಾ’ (2010), ಮಿಕು ಮತ್ತು ಗುಮಿ ಜೋಡಿ. ಹಾಡು ಮುಗಿದ ಮೇಲಷ್ಟೇ ಹೇಳಿ: ಈ ಹಾಚಿಯೇ ಮುಂದೆ ಸ್ವಂತ ದನಿಯಲ್ಲಿ ‘ಲೆಮನ್’ ಹಾಡಿದ ಜನಪ್ರಿಯ ಜಪಾನಿ ಗಾಯಕ ಕೆನ್‌ಶಿ ಯೊನೆಝು. ಐದನೆಯದು ವೊವಾಕಾ ಅವರ ‘ವರ್ಲ್ಡ್ಸ್ ಎಂಡ್ ಡಾನ್ಸ್‌ಹಾಲ್’. ಮಿಕುವಿನ ತೆಳುದನಿ, ಲುಕಾಳ ತುಂಬುದನಿ ಎರಡನ್ನೂ ಒಟ್ಟಿಗೆ ಕೇಳಬಹುದು. 2019ರಲ್ಲಿ ತೀರಿಕೊಂಡ ವೊವಾಕಾ ಅವರ ಅವಸರದ ಗಿಟಾರ್ ಮತ್ತು ಉಸಿರುಗಟ್ಟಿಸುವ ಸಾಹಿತ್ಯ ಇಂದಿನ ಹಾಡುಗಳಲ್ಲೂ ಕೇಳುತ್ತದೆ. ಆರನೆಯದು ಮಿಕಿತೊ-ಪಿ ಅವರ ‘ರೊಕಿ’ (2018): ರಿನ್ ಜೊತೆ ಪಿ ತಾನೇ ಹಾಡಿದ್ದಾರೆ. ಕೊನೆಗೆ ಸಾತ್ಸುಕಿ ಅವರ ‘ಮೆಸ್ಮರೈಝರ್’ (2024), ಮಿಕು ಮತ್ತು ಕಾಸಾನೆ ತೆತೊ.

ಕಾಸ್ಮೊ ಅವರ ‘ಹತ್ಸುನೆ ಮಿಕು ಕಣ್ಮರೆ’ ಹಾಡನ್ನು ಈ ಸಲ ಬಿಡಿ. ನಿಮಿಷಕ್ಕೆ 240 ತಾಳದ ಹಾಡು ಅದು. ಮಿಕುವಿಗೆ ಒಗ್ಗುವ ವೇಗ 70ರಿಂದ 150 ಎಂದು ತಯಾರಕರೇ ಸೂಚಿಸಿದ್ದಾರೆ. ಬೇಕೆಂದೇ ಆ ಗಡಿ ದಾಟಿದ ಹಾಡು. ಅಭ್ಯಾಸವಾದ ಕಿವಿಗೆ ಹಬ್ಬ, ಹೊಸ ಕಿವಿಗೆ ಬರೀ ಸದ್ದು. ಎಲ್ಲ ಹಾಡಿನ ಅನುವಾದವನ್ನು ಹಿಂದಿನ ದಿನವೇ ಓದಿಕೊಳ್ಳಿ. ಆತ್ಮಹತ್ಯೆ, ಒಂಟಿತನದ ವಸ್ತು ಈ ಪ್ರಕಾರದಲ್ಲಿ ಬಹಳ ಇದೆ. ಹಾಸ್ಟೆಲಿಗೆ ಈಗಷ್ಟೇ ಬಂದ ಮೊದಲ ವರ್ಷದವರ ಮುಂದೆ ಅಂಥದ್ದನ್ನು ಮುನ್ಸೂಚನೆ ಇಲ್ಲದೆ ಹಾಕಬಾರದು.

ಪ್ರಶ್ನೆ: ರೂಮ್‌ಮೇಟ್‌ಗೆ ಕೇಳಿಸಿದರೆ ‘ಕಿವಿಯಲ್ಲಿ ಸೊಳ್ಳೆ ಕೂಗಿದಂತಿದೆ’ ಎನ್ನುತ್ತಾನೆ. ದನಿ ಹಾಗೇಕೆ?
– ಎಂಜಿನಿಯರಿಂಗ್ ವಿದ್ಯಾರ್ಥಿ, ಹುಬ್ಬಳ್ಳಿ

ಉತ್ತರ: ಮೊದಲು ಫೋನಿನ ಸ್ಪೀಕರಿನಲ್ಲಿ ಕೇಳಿಸುವುದನ್ನು ನಿಲ್ಲಿಸಿ. ಮಂದ್ರವನ್ನೆಲ್ಲ ನುಂಗಿ ತೀಕ್ಷ್ಣ ಭಾಗವನ್ನಷ್ಟೇ ಅದು ಹೊರಗೆ ಬಿಡುತ್ತದೆ. ಇಯರ್‌ಫೋನ್ ಹಾಕಿ, ಈಕ್ವಲೈಝರ್‌ನಲ್ಲಿ 3ರಿಂದ 4 ಕಿಲೋಹರ್ಟ್ಸ್ ಪಟ್ಟಿಯನ್ನು 3 ಡೆಸಿಬೆಲ್ ಇಳಿಸಿ ನೋಡಿ. ಹಳೆಯ ವೊಕಲಾಯ್ಡ್, ಮನುಷ್ಯರ ದನಿಯ ಸಣ್ಣ ಸಣ್ಣ ತುಣುಕುಗಳನ್ನು ಬೆಸೆದು ಹಾಡುತ್ತದೆ. ಬೆಸುಗೆ ಎದ್ದು ಕಾಣುವುದು ಎತ್ತರದ ಸ್ಥಾಯಿಯಲ್ಲಿ. ಅದಕ್ಕೇ ಶುರುವಿಗೆ ತಗ್ಗಿದ ದನಿ ಆರಿಸಿ: ಲುಕಾ ಹಾಡಿದ ‘ಜಸ್ಟ್ ಬಿ ಫ್ರೆಂಡ್ಸ್’ (ಡಿಕ್ಸಿ ಫ್ಲಾಟ್‌ಲೈನ್, 2009), ಇಲ್ಲವೇ ವಿ ಫ್ಲವರ್ ಎಂಬ ಸಾಫ್ಟ್‌ವೇರ್ ದನಿಯ ‘ಚಾರ್ಲ್ಸ್’ (ಬಲೂನ್, 2016). ‘ಚಾರ್ಲ್ಸ್’ ಅನ್ನು ಬಲೂನ್ ಸ್ವತಃ ಹಾಡಿದ್ದೂ ಇದೆ. ಮೊದಲು ಅದು, ಮರುದಿನ ಫ್ಲವರ್. ರಾಗ ಪರಿಚಯವಾದ ಮೇಲೆ ದನಿಯ ತಕರಾರು ಅರ್ಧಕ್ಕೆ ಇಳಿಯುತ್ತದೆ.

ಪ್ರಶ್ನೆ: ಹಣ ಖರ್ಚು ಮಾಡದೆ ನಾವೇ ಇಂಥ ಹಾಡು ಮಾಡಬಹುದೇ? ಕನ್ನಡದಲ್ಲಿ ಹಾಡಿಸಲು ಆದೀತೇ?
– ಬಿ.ಎಸ್ಸಿ. ವಿದ್ಯಾರ್ಥಿಗಳು, ಶಿವಮೊಗ್ಗ

ಉತ್ತರ: ಮಾಡಬಹುದು. ಓಪನ್‌ಉತಾವು ಎಂಬ ಉಚಿತ ತಂತ್ರಾಂಶ ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ನಡೆಯುತ್ತದೆ. ಕಾಸಾನೆ ತೆತೊ ದನಿಕೋಶವೂ (ಹಾಡಿಸಲು ಬೇಕಾದ, ಮುದ್ರಿಸಿಟ್ಟ ದನಿತುಣುಕುಗಳ ಸಂಗ್ರಹ) ಉಚಿತ. ಕೋಶದ ಜಿಪ್ ಕಡತವನ್ನು ನೀವೇ ಬಿಚ್ಚಬೇಡಿ. ಹಾಗೇ ಎಳೆದು ತಂತ್ರಾಂಶದ ಕಿಟಕಿಗೆ ಹಾಕಿ, ಎನ್‌ಕೋಡಿಂಗ್ ಕೇಳಿದಾಗ ಜಪಾನಿ ಅಕ್ಷರಗಳ ಪದ್ಧತಿಯಾದ ಶಿಫ್ಟ್-ಜಿಸ್ ಆರಿಸಿ. ಕಡತಗಳ ಹೆಸರು ಜಪಾನಿ ಲಿಪಿಯಲ್ಲಿ ಸರಿಯಾಗಿ ಕಂಡರೆ ಮುಂದೆ ಹೋಗಿ. ಅಲ್ಲಿ ಅಕ್ಷರ ಕಲಸಿಹೋದರೆ ಆಮೇಲೆ ಏನು ಬರೆದರೂ ದನಿ ಹೊರಡುವುದಿಲ್ಲ. ಕೋಶ ‘ವಿಸಿವಿ’ (ಸ್ವರ-ವ್ಯಂಜನ-ಸ್ವರ ಸೇರಿಸಿ ಮುದ್ರಿಸಿದ) ಬಗೆಯದಾದರೆ ಸಾಹಿತ್ಯವನ್ನು ದನಿತುಣುಕಿಗೆ ಹೊಂದಿಸುವ ಫೋನಿಮೈಝರ್‌ನಲ್ಲೂ ಜಪಾನಿ ವಿಸಿವಿ ಆರಿಸಬೇಕು. ನೋಟ್ ಒಂದಕ್ಕೆ ಒಂದೇ ಕಾನಾ (ಜಪಾನಿ ಅಕ್ಷರ): ‘ಸಕುರಾ’ ಎಂದರೆ ಮೂರು ನೋಟ್. ಕೊನೆಯ ‘ನ್’ ಬಂದರೆ ಅದಕ್ಕೂ ಪ್ರತ್ಯೇಕ ನೋಟ್. ನೋಟ್‌ಗಳ ನಡುವೆ ಕೂದಲೆಳೆಯಷ್ಟು ಜಾಗ ಉಳಿದರೂ ಹಾಡು ತುಂಡು ತುಂಡಾಗುತ್ತದೆ, ಒಂದಕ್ಕೊಂದು ತಾಗಿಸಿ. ಮೊದಲ ಪ್ರಯತ್ನಕ್ಕೆ ಎಂಟು ಬಾರ್ (ತಾಳದ ಆವರ್ತ), ವೇಗ 100 ಸಾಕು.

ಕನ್ನಡದ ವಿಷಯಕ್ಕೆ ಬಂದರೆ, ಜಪಾನಿ ಕೋಶದಲ್ಲಿ ‘ಲ’, ‘ಳ’ ಎರಡೂ ಇಲ್ಲ, ‘ಟ’, ‘ಡ’, ‘ಣ’ ಇಲ್ಲ. ಇರುವ ‘ರ’ಕಾರದಲ್ಲೇ ಹಾಡಿಸಿದರೆ ‘ಹಾಲು’ ಹೋಗಿ ‘ಹಾರು’ ಆಗುತ್ತದೆ, ‘ಮಳೆ’ ಹೋಗಿ ‘ಮರೆ’ ಆಗುತ್ತದೆ. ‘ತು’ ಎಂಬ ಜಾಗಕ್ಕೆ ‘ತ್ಸು’ ಬರುವುದರಿಂದ ‘ಮಾತು’ ‘ಮಾತ್ಸು’ ಆದೀತು. ಭಾವಗೀತೆಯನ್ನು ಹೀಗೆ ಕೆಡಿಸುವುದು ಬೇಡ ಎಂಬುದು ನಮ್ಮ ಅಭಿಪ್ರಾಯ. ಓಪನ್‌ಉತಾವುವಿನಲ್ಲಿ ಬಳಸುವಂಥ ದನಿಕೋಶವನ್ನು ಯಾರು ಬೇಕಾದರೂ ಧ್ವನಿಮುದ್ರಿಸಿ ಕಟ್ಟಬಹುದು. ನಿಮ್ಮಲ್ಲೇ ಒಬ್ಬರ ಕಂಠದಲ್ಲಿ ಕನ್ನಡದ ಕಾಗುಣಿತ ಮುದ್ರಿಸಿಕೊಳ್ಳಿ. ಪ್ರತಿ ಅಕ್ಷರ ಒಂದೇ ಶ್ರುತಿಯಲ್ಲಿ, ಫ್ಯಾನ್ ಆಫ್ ಮಾಡಿದ ಕೋಣೆಯಲ್ಲಿ.

ಪ್ರಶ್ನೆ: ಫೆಸ್ಟ್ ಪೋಸ್ಟರಿನಲ್ಲಿ ಮಿಕು ಚಿತ್ರ ಹಾಕಬಹುದೇ? ಟಿ-ಶರ್ಟ್?
– ಸಾಂಸ್ಕೃತಿಕ ಕಾರ್ಯದರ್ಶಿ, ಬೆಂಗಳೂರು

ಉತ್ತರ: ಲಾಭದ ಉದ್ದೇಶವಿಲ್ಲದ ಬಳಕೆಗೆ ಕ್ರಿಪ್ಟನ್ ಸಾರ್ವಜನಿಕ ಪರವಾನಗಿಯನ್ನೇ ಕೊಟ್ಟಿದೆ, 2012ರಿಂದ ಕ್ರಿಯೇಟಿವ್ ಕಾಮನ್ಸ್ ಎಂಬ ಮುಕ್ತ ಬಳಕೆಯ ಪರವಾನಗಿಯ ಅಡಿಯಲ್ಲೂ ಇದೆ. ಉಚಿತ ಕಾರ್ಯಕ್ರಮದ ಪೋಸ್ಟರ್ ನೀವೇ ಬರೆದ ಚಿತ್ರವಾಗಿರಲಿ, ಕೆಳಗೆ ಕಂಪನಿಯ ಹೆಸರು ನಮೂದಿಸಿ. ಟಿ-ಶರ್ಟ್ ಮಾರುವುದಾದರೆ ಮುಂಚೆಯೇ ಅನುಮತಿ ಬೇಕು. ನೆಟ್‌ನಲ್ಲಿ ಸಿಕ್ಕಿದ ಚಿತ್ರವಾದರೆ ಬರೆದ ಕಲಾವಿದರನ್ನೂ ಕೇಳಬೇಕು. ಹಾಡಿನ ಹಕ್ಕು ಇದರಲ್ಲಿ ಸೇರಿಲ್ಲ. ಅದು ಪಿ ಮತ್ತು ಅವರ ಪ್ರಕಾಶಕರದ್ದು, ಪ್ರತ್ಯೇಕವಾಗಿ ವಿಚಾರಿಸಿ.