ಲೇಸರ್ ಬೆಳಕಿನಲ್ಲಿ ಜೀವಕೋಶವನ್ನು ಎಳೆದು ಅದು ಎಷ್ಟು ಗಡಸು ಅಂತ ಅಳೆಯುತ್ತಾರಂತೆ, ಹೇಗೆ? ಜೀವಕೋಶ ಸುಟ್ಟುಹೋಗಲ್ವಾ?

ಸುಡುವ ವಿಷಯ ಮೊದಲು ಮುಗಿಸಿಬಿಡೋಣ. ಹಸಿರು ಲೇಸರ್ ಆದರೆ ಜೀವಕೋಶಗಳು ಸಾಯುತ್ತವೆ. ಬೆಳಕಿನಿಂದಲೇ ಪುಟ್ಟ ವಸ್ತುಗಳನ್ನು ಹಿಡಿಯುವ ಈ ವಿದ್ಯೆ ಕಂಡುಹಿಡಿದ ವಿಜ್ಞಾನಿ ಆರ್ಥರ್ ಆಶ್ಕಿನ್ 1987ರಲ್ಲಿ ಲೇಸರಿನಿಂದ ಬ್ಯಾಕ್ಟೀರಿಯಾ ಹಿಡಿದಾಗ ಮೊದಲು ಆದದ್ದೂ ಅದೇ. ಆಮೇಲೆ ಅವರು ಇನ್‌ಫ್ರಾರೆಡ್ ಲೇಸರ್ ಹಾಕಿದರು. ಆಗ ಹಿಡಿತದಲ್ಲಿ ಇದ್ದುಕೊಂಡೇ ಬ್ಯಾಕ್ಟೀರಿಯಾ ಎರಡಾದವು! ನಾನು ಬಳಸುವುದೂ ಇನ್‌ಫ್ರಾರೆಡ್ ಲೇಸರೇ, ತರಂಗದ ಉದ್ದ 1064 ನ್ಯಾನೋಮೀಟರ್. 100 ಮಿಲಿವ್ಯಾಟ್‌ಗೆ ಒಂದು ಡಿಗ್ರಿ ಆಸುಪಾಸು ಬಿಸಿಯಾಗುತ್ತದೆ, ಅಷ್ಟೆ.

ಇನ್ನು ಅಳತೆ. ನಾನು ನೋಡುವುದು ಕೆಂಪು ರಕ್ತಕಣ. ಅದರ ಅಗಲ ಸುಮಾರು 8 ಮೈಕ್ರಾನ್ (ಒಂದು ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದಲ್ಲಿ ಒಂದು ಪಾಲು). ಎರಡು ಬದಿಗೆ ಒಂದೊಂದು ಪುಟ್ಟ ಗಾಜಿನ ಮಣಿ ಅಂಟಿಸುತ್ತೇವೆ. ಒಂದು ಮಣಿ ಸ್ಲೈಡಿಗೆ ಕಚ್ಚಿಕೊಂಡಿರುತ್ತದೆ, ಇನ್ನೊಂದನ್ನು ಲೇಸರಿನಿಂದ ಎಳೆಯುತ್ತೇವೆ. ಬೆಳಕು ಮಣಿಯೊಳಗೆ ಹೊಕ್ಕು ಬಾಗಿ ಹೊರಬರುವಾಗ ಮಣಿಯನ್ನು ಕಿರಣದ ನಡುವಿಗೆ ಎಳೆದುಕೊಳ್ಳುತ್ತದೆ. ಕಣ್ಣಿಗೆ ಕಾಣದ ಸ್ಪ್ರಿಂಗ್ ಕಟ್ಟಿದ ಹಾಗೆ. ಮಣಿ ನಡುವಿನಿಂದ ಎಷ್ಟು ಸರಿಯಿತು ಅಂತ ನೋಡಿದರೆ ಬಲ ಸಿಕ್ಕಿತು. ರಕ್ತಕಣ ಎಷ್ಟು ಹಿಗ್ಗಿತು ಅನ್ನುವುದು ಕ್ಯಾಮೆರಾದಲ್ಲೇ ಕಾಣುತ್ತದೆ. ಹೆಚ್ಚು ಬಲ ಹಾಕಿದರೂ ಕಡಿಮೆ ಹಿಗ್ಗಿದರೆ ಅದು ಗಡಸು.

ಆದರೆ ಆ ಸ್ಪ್ರಿಂಗ್ ಎಷ್ಟು ಬಿಗಿ? ಅದನ್ನು ಮಣಿಯೇ ಹೇಳುತ್ತದೆ. ನೀರಿನ ಅಣುಗಳು ಸದಾ ಗುದ್ದುತ್ತಿರುವುದರಿಂದ ಮಣಿ ಸುಮ್ನೆ ನಿಲ್ಲುವುದಿಲ್ಲ, ನಡುಗುತ್ತಲೇ ಇರುತ್ತದೆ. ಸ್ಪ್ರಿಂಗ್ ಸಡಿಲವಾದಷ್ಟೂ ನಡುಕ ಜಾಸ್ತಿ. ಸರಾಸರಿ 9 ನ್ಯಾನೋಮೀಟರ್ ನಡುಗಿದರೆ ಬಿಗಿ ಸುಮಾರು 0.05 ಪಿಕೋನ್ಯೂಟನ್ ಪ್ರತಿ ನ್ಯಾನೋಮೀಟರಿಗೆ (ಪಿಕೋನ್ಯೂಟನ್ ಅಂದರೆ ಬಲದ ಅಳತೆಯಾದ ನ್ಯೂಟನ್ನಿನ ಲಕ್ಷ ಕೋಟಿಯಲ್ಲಿ ಒಂದು ಪಾಲು). ಅಂದರೆ 200 ನ್ಯಾನೋಮೀಟರ್ ಸರಿದಾಗ 10 ಪಿಕೋನ್ಯೂಟನ್. ಒಂದು ಸಾಸಿವೆ ಕಾಳಿನ ತೂಕ ಇದರ ಲಕ್ಷಗಟ್ಟಲೆ ಪಟ್ಟು.

ನಾನು ಪೆಟ್ಟು ತಿಂದದ್ದು ಇಲ್ಲೇ. ಸ್ಲೈಡಿನ ಗಾಜಿಗೆ ಹತ್ತಿರ ಬಿಗಿ ಲೆಕ್ಕ ಹಾಕಿ, ಅಳತೆಯನ್ನು ಮಾತ್ರ ಇನ್ನೂ ಮೇಲೆ, ನೀರಿನ ಒಳಗೆ ಮಾಡಿದೆ. ಮೈಕ್ರೋಸ್ಕೋಪಿನ ಎಣ್ಣೆ ಹಾಕುವ ಲೆನ್ಸ್, ಅಂದರೆ ಆಬ್ಜೆಕ್ಟಿವ್‌ನಲ್ಲಿ ಒಳಗೆ ಹೋದಷ್ಟೂ ಫೋಕಸ್ ಕೆಟ್ಟು ಹಿಡಿತ ಸಡಿಲವಾಗುತ್ತದೆ. ನನ್ನ ಲೆಕ್ಕದಲ್ಲಿ ಹಳೆಯ ಬಿಗಿಯೇ ಇತ್ತು. ಹಾಗಾಗಿ ಬಲ ಜಾಸ್ತಿ ಬಂತು, ಆರೋಗ್ಯವಾಗಿದ್ದ ರಕ್ತಕಣಗಳೆಲ್ಲ ಗಡಸಾಗಿ ಕಂಡವು. ಮಲೇರಿಯಾ ಹತ್ತಿದ ರಕ್ತಕಣ ನಿಜಕ್ಕೂ ಗಡಸಾಗುತ್ತದೆ, ಸಣ್ಣ ರಕ್ತನಾಳದಲ್ಲಿ ನುಸುಳಲು ಒದ್ದಾಡುತ್ತದೆ. ನನ್ನ ಅಂಕಿಗಳನ್ನು ನಂಬಿದ್ದರೆ ರಕ್ತ ಕೊಟ್ಟವರಿಗೆಲ್ಲ ಮಲೇರಿಯಾ ಅನ್ನಬೇಕಿತ್ತು! ವಾರದ ಕೆಲಸ ನೀರುಪಾಲು. ಈಗ ಅಳೆಯುವ ಎತ್ತರದಲ್ಲೇ, ಪ್ರತಿ ಮಣಿಗೂ ಬೇರೆಯಾಗಿ ಬಿಗಿ ನೋಡುತ್ತೇನೆ.

ಎಳೆಯುವ ವೇಗವನ್ನೂ ಬರೆದಿಡಿ. ಬೇಗ ಎಳೆದರೆ ಅದೇ ರಕ್ತಕಣ ಇನ್ನೂ ಗಡಸಾಗಿ ವರ್ತಿಸುತ್ತದೆ. ಕಲಿಯುವವರಾದರೆ ಕೆಂಪು ರಕ್ತಕಣದಿಂದಲೇ ಶುರು ಮಾಡಿ. ಒಳಗೆ ನ್ಯೂಕ್ಲಿಯಸ್ ಇಲ್ಲ, ಲೆಕ್ಕ ಸುಲಭ. ಬೆರಳು ಚುಚ್ಚಿದರೆ ಬೇಕಾದಷ್ಟು ಸಿಗುತ್ತವೆ.